ಕಂದಾಯದ ಗುತ್ತಿಗೆ

ಸುವಾರ್ತೆಗಳಲ್ಲಿ ಸುಂಕದವರನ್ನು ಜನರು ಹಗೆಮಾಡಿದರೆಂದು ಓದುತ್ತೇವೆ. ಅದರ ಕಾರಣವನ್ನು ತಿಳಿಯುವದಕ್ಕೆ ಮಸ್ಕಿಯವರಾದ ನಾವು ದೂರದ ಯೆರಿಕೋವಿಗೆ ಹೋಗಬೇಕಾದದ್ದಿಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ರಾಯಚೂರು ಸೀಮೆಯು ನಿಜಾಮರ ಕೈಯಲ್ಲಿದ್ದಾಗ ಇಲ್ಲಿಯೂ ಕಂದಾಯವು ಗುತ್ತಿಗೆಗೆ ಹೋಗುತ್ತಿತ್ತು.

ಅದು ಹೇಗಂದರೆ, ಸರಕಾರವು ತಾನೇ ಕಂದಾಯ ಎತ್ತದೆ, ಹೆಚ್ಚು ಹಣ ಒಪ್ಪಿದವನಿಗೆ ಸೀಮೆಯನ್ನು ವಹಿಸಿಬಿಡುವದು. ಅವನು ಒಪ್ಪಿದ ಹಣವನ್ನು ಕಟ್ಟುವನು, ಮಿಕ್ಕದ್ದೆಲ್ಲಾ ಅವನದು. 1843ರಲ್ಲಿ ಅಧಿಕಾರ ಬಿಟ್ಟ ರಾಜಾ ಚಂದೂಲಾಲರ ದಿನಗಳಲ್ಲಿ, ಒಬ್ಬನ ಅವಧಿ ತೀರುವ ಮುಂಚೆಯೇ ಮತ್ತೊಬ್ಬನು ಹೆಚ್ಚು ಹಣ ತೋರಿಸಿದರೆ ಸೀಮೆಯು ಅವನಿಗೆ ಆಗುತ್ತಿತ್ತು. ಕೇಡಿನ ಬೇರು ಇಲ್ಲಿಯೇ ಇದೆಯೆಂದು ನಮಗೆ ತೋಚುತ್ತದೆ. ದೃಷ್ಟಾಂತಕ್ಕೆ, 10,000 ರೂಪಾಯಿಯ ಸೀಮೆಗೆ ಒಬ್ಬನು 12,000 ಒಪ್ಪಿದನೆನ್ನಿರಿ. ಆ 2,000 ಮಳೆಯೊಡನೆ ಸುರಿಯುವದಿಲ್ಲ, ರೈತನ ಕಣದಿಂದಲೇ ಬರಬೇಕು. ನಾಳೆ ತಾನು ಇರುವೆನೋ ಇಲ್ಲವೋ ಎಂದರಿಯದವನು ಕೆರೆಯ ಏರಿಯನ್ನು ಯಾಕೆ ಕಟ್ಟಿಸಾನು? ಬಿತ್ತನೆಯ ಜೋಳವನ್ನಾದರೂ ಯಾಕೆ ಬಿಟ್ಟಾನು?

1820ರಲ್ಲಿ ರೆಸಿಡೆಂಟರಾಗಿ ಬಂದ ಮೆಟ್ಕಾಫರು, ಊರೂರಿಗೆ ಇಷ್ಟೇ ಕಂದಾಯವೆಂದು ಕೆಲವು ವರುಷಗಳಿಗೆ ಗೊತ್ತುಮಾಡಿಸಿ, ಮೇಲ್ವಿಚಾರಣೆಗೆ ಇಂಗ್ಲಿಷ್ ಅಧಿಕಾರಿಗಳನ್ನು ಇಟ್ಟರು. (ಕಂಪೆನಿಗೂ ತನ್ನ ದಂಡಿನ ಸಂಬಳವು ನಿಜಾಮರಿಂದ ಬರಬೇಕಾಗಿತ್ತು, ಅದನ್ನೂ ಮರೆಯಲಾಗದು.) 1829ರಲ್ಲಿ ಆ ಮೇಲ್ವಿಚಾರಣೆ ನಿಂತಿತು, ಹಳೇ ರೋಗವು ತಿರಿಗಿ ಬಂತು. ಕಡೆಗೆ ಅದೇ ದಂಡಿನ ಸಾಲಕ್ಕಾಗಿ 1853ರಲ್ಲಿ ರಾಯಚೂರು ಸೀಮೆಯು ಕಂಪೆನಿಯ ಆಡಳಿತಕ್ಕೆ ಒಪ್ಪಿಸಲ್ಪಟ್ಟು, 1860ರಲ್ಲಿ ನಿಜಾಮರಿಗೆ ಮರಳಿತು.

ಫ್ರಾನ್ಸ್ ದೇಶದ ಅರಸರೂ ಉಪ್ಪಿನ ಸುಂಕ ಮೊದಲಾದವುಗಳನ್ನು ಧನವಂತರ ಒಂದು ಕೂಟಕ್ಕೆ 6 ವರುಷಗಳ ಗುತ್ತಿಗೆಗೆ ಕೊಡುತ್ತಿದ್ದರು. ಅಲ್ಲಿಯ ಜನರ ಸಿಟ್ಟು ಎಷ್ಟಿತ್ತೆಂದರೆ, ಕ್ರಾಂತಿಯವರು 1791ರಲ್ಲಿ ಆ ಕೂಟವನ್ನು ತೆಗೆದುಹಾಕಿದ್ದಲ್ಲದೆ, 1794ರ ಮೇ 8ರಂದು ಅದರ 28 ಮಂದಿಯ ತಲೆ ಹೊಡೆದರು. ಪ್ರಖ್ಯಾತ ರಸಾಯನ ಪಂಡಿತನಾದ ಲವ್ವಾಸಿಯೇ ಅವರಲ್ಲೊಬ್ಬನು.

ನಮ್ಮಲ್ಲಿ ಕತ್ತಿಯ ಕೆಲಸವನ್ನು ಲೇಖನಿಯು ಮಾಡಿತು. 1853ರಲ್ಲಿ ಇಪ್ಪತ್ತನಾಲ್ಕರ ಪ್ರಾಯದಲ್ಲಿ ದಿವಾನರಾದ ಸಾಲಾರ್ ಜಂಗರು ಗುತ್ತಿಗೆಯನ್ನು ಮೆಲ್ಲಮೆಲ್ಲನೆ ಕಿತ್ತು, 1865ರಲ್ಲಿ ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿ, ಸಂಬಳದ ಅಧಿಕಾರಿಗಳನ್ನು ನೇಮಿಸಿದರು. ಮೊದಲು ಗುತ್ತಿಗೆದಾರನಿಗಿದ್ದ ತಾಲೂಕುದಾರನೆಂಬ ಹೆಸರು ಆಗ ಸಂಬಳದ ಅಧಿಕಾರಿಗೆ ಬಂತು! ಅನಂತರ ಹೊಲಗಳು ಅಳೆಯಲ್ಪಟ್ಟು, ತನ್ನ ಹೊಲಕ್ಕೆ ಎಷ್ಟು ಕಂದಾಯವೆಂಬದು ರೈತನಿಗೆ ಮುಂದಾಗಿಯೇ ತಿಳಿಯುವಂತಾಯಿತು. ಸೇಂದಿ ಸಾರಾಯಿಗಳಲ್ಲಿ ಮಾತ್ರ ಗುತ್ತಿಗೆಯು ಬಹುಕಾಲ ಉಳಿಯಿತು. ಗುತ್ತೇದಾರ ಎಂಬ ಮನೆತನದ ಹೆಸರು ನಮ್ಮ ಕಡೆಯಲ್ಲಿ ಇಂದಿಗೂ ಕೇಳಬರುತ್ತದೆ.