ಕೆಲವರ ಆಳ್ವಿಕೆಗೆ ಹಲವು ಹೆಸರುಗಳು

ರಾಜ್ಯಾಧಿಕಾರವು ಒಬ್ಬ ಅರಸನಲ್ಲೂ ನೆಲೆಸದೆ, ಪ್ರಜೆಗಳೆಲ್ಲರಿಗೂ ಹಂಚಿಕೆಯಾಗದೆ, ಬೆರಳೆಣಿಕೆಯ ಪ್ರಬಲರ ಹಿಡಿತದಲ್ಲಿ ಉಳಿಯುವ ವ್ಯವಸ್ಥೆಗೆ ಆಲಿಗಾರ್ಕಿ, ಅಂದರೆ ಅಲ್ಪಜನಾಧಿಪತ್ಯ, ಎಂದು ಹೆಸರು. ಕೆಲವರೇ ಆಳಿದರೂ ಆಳ್ವಿಕೆ ಸರ್ವರ ಹಿತಕ್ಕಾಗಿದ್ದರೆ ಅದನ್ನು ಅರಿಸ್ಟಾಕ್ರಸಿ, ಅಂದರೆ ಶ್ರೇಷ್ಠರ ಪ್ರಭುತ್ವ, ಎಂದೂ ಆಳುವವರ ಸ್ವಾರ್ಥಕ್ಕಾಗಿದ್ದರೆ ಅದರ ವಿಕೃತ ರೂಪವಾದ ಆಲಿಗಾರ್ಕಿ ಎಂದೂ ಅರಿಸ್ಟಾಟಲ್ ವಿಂಗಡಿಸಿದನು. ಈ ಭೇದ ಕಾಗದದ ಮೇಲೆ ಸ್ಪಷ್ಟವಾಗಿದ್ದರೂ ತಾವು ಸ್ವಾರ್ಥಿಗಳೆಂದು ಒಪ್ಪಿಕೊಂಡ ಆಳುವ ವರ್ಗ ಇತಿಹಾಸದಲ್ಲಿ ಸಿಗುವುದು ವಿರಳ. ಸಂಪತ್ತೇ ಅಧಿಕಾರದ ಅರ್ಹತೆಯಾದರೆ ಅದು ಪ್ಲುಟಾಕ್ರಸಿ ಅಥವಾ ಧನಿಕ ಪ್ರಭುತ್ವ. ಬಲಪ್ರಯೋಗದಿಂದ ಅಧಿಕಾರ ಕಸಿದುಕೊಂಡ ಸೇನಾಧಿಕಾರಿಗಳ ಕೂಟ ಜುಂಟಾ, ಇದು ಸ್ಪ್ಯಾನಿಷ್ ಮೂಲದ ಪದ.

ಇಂಥ ಆಳ್ವಿಕೆಗಳ ಬಾಳಿಕೆ ಒಂದೇ ತೆರನಾಗಿರಲಿಲ್ಲ. ಕ್ರಿ.ಪೂ. 404ರಲ್ಲಿ ಸ್ಪಾರ್ಟಾದ ಬೆಂಬಲದಿಂದ ಅಥೆನ್ಸಿನಲ್ಲಿ ಅಧಿಕಾರಕ್ಕೆ ಬಂದ ಮೂವತ್ತು ಮಂದಿಯ ಕೂಟ ಮರುವರ್ಷವೇ ಉರುಳಿತು. ಇದಕ್ಕೆ ವ್ಯತಿರಿಕ್ತವಾಗಿ ದೀರ್ಘಕಾಲ ಬಾಳಿದ ಉದಾಹರಣೆ ವೆನಿಸ್: ಅಲ್ಲಿ 1297ರಲ್ಲಿ ಮಹಾಮಂಡಳಿಯ ಸದಸ್ಯತ್ವವನ್ನು ಬಹುಮಟ್ಟಿಗೆ ಆಗಿನ ಪ್ರಭಾವಿ ಮನೆತನಗಳಿಗೇ ಸೀಮಿತಗೊಳಿಸಲಾಯಿತು, 1310ರಲ್ಲಿ ಪಿತೂರಿಗಳನ್ನು ಹತ್ತಿಕ್ಕಲು ‘ಹತ್ತು ಮಂದಿಯ ಮಂಡಳಿ’ ರಚನೆಯಾಯಿತು, 16ನೆಯ ಶತಮಾನದಲ್ಲಿ ಕುಲೀನರ ಜನನಗಳನ್ನು ದಾಖಲಿಸುವ ‘ಸುವರ್ಣ ಗ್ರಂಥ’ ಆರಂಭವಾಯಿತು. ಡೋಜ್ ಎಂಬ ಮುಖ್ಯಸ್ಥ ಜೀವಿತಾವಧಿಗೆ ಆಯ್ಕೆಯಾಗುತ್ತಿದ್ದರೂ, ಚೀಟಿ ಎತ್ತುವಿಕೆ ಮತ್ತು ಮತದಾನಗಳ ಹಲವು ಸುತ್ತುಗಳ ಬಳಿಕ 41 ಮಂದಿ ಅವನನ್ನು ಆರಿಸುತ್ತಿದ್ದುದರಿಂದ, ಒಂದೇ ಮನೆತನ ಗದ್ದುಗೆಯನ್ನು ವಂಶಪಾರಂಪರ್ಯವಾಗಿಸುವುದು ಕಷ್ಟವಾಗಿತ್ತು. ಕಾಗದದಲ್ಲಿ ಗಣರಾಜ್ಯವೆನಿಸಿದ್ದ ಈ ಅಲ್ಪಜನಾಧಿಪತ್ಯವು 1797ರಲ್ಲಿ ನೆಪೋಲಿಯನ್ನನ ಒತ್ತಡಕ್ಕೆ ಮಣಿದು ಕೊನೆಗೊಂಡಿತು.