ಗಾಳದ ಲೀಡರ್ ನೀವೇ ಹೊಸೆಯಿರಿ

ಫ್ಲೈ ಫಿಶಿಂಗ್‌ನಲ್ಲಿ ದಪ್ಪ ದಾರಕ್ಕೂ ತುದಿಯ ಹುಸಿನೊಣಕ್ಕೂ ನಡುವೆ ಬರುವ ತೆಳುವಾದ ಎಳೆಯೇ ಲೀಡರ್. ಅಂಗಡಿಯ ನೈಲಾನ್ ಲೀಡರ್ ಸುರುಳಿ ಬಿಡುವುದೇ ಇಲ್ಲ ಎಂದು ಗೊಣಗುವವರು ಹೊಸೆದ ಲೀಡರ್ ಮಾಡಿಕೊಳ್ಳಿ. ವಿದ್ಯೆಯೇನೂ ಹೊಸದಲ್ಲ. 1653ರಲ್ಲಿ ಐಸಾಕ್ ವಾಲ್ಟನ್ ‘ದಿ ಕಂಪ್ಲೀಟ್ ಆಂಗ್ಲರ್’ ಬರೆದಾಗ ಇಂಗ್ಲೆಂಡಿನವರು ಗಾಳದ ದಾರ ಮಾಡುತ್ತಿದ್ದುದು ಕುದುರೆ ಬಾಲದ ಕೂದಲು ಹೊಸೆದೇ.

ಉದ್ದನೆಯ ಹಲಗೆ, ಕೆಲವು ಗೂಟ, ನೊಣ ಕಟ್ಟುವ ಪಾಲಿಯೆಸ್ಟರ್ ದಾರ, ಒಂದು ಕೈಡ್ರಿಲ್ ಇದ್ದರೆ ಸಾಕು. ಕುಣಿಕೆಯೊಳಗೆ ಕುಣಿಕೆ ಕೊಂಡಿಯಾಗುವಂತೆ ಗೂಟಗಳಿಗೆ ದಾರ ಸುತ್ತುತ್ತಾ ಹೋಗಿ. ಬುಡದಲ್ಲಿ ಎಳೆ ಹೆಚ್ಚು, ತುದಿಗೆ ಬಂದಂತೆ ಕಡಿಮೆ. ಇಂಥವು ಎರಡು ಸಾಲು. ಎರಡನ್ನೂ ಒಂದೇ ದಿಕ್ಕಿಗೆ, ಒಂದೇ ಬಿಗಿಗೆ ತಿರುಪಿ, ಆಮೇಲೆ ಜೋಡಿಸಿ ಎದುರು ದಿಕ್ಕಿಗೆ ತಿರುಪಿ. ಊರಲ್ಲಿ ಹಗ್ಗ ಹೊಸೆಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಸಾಲುಗಳ ಹುರಿಯಲ್ಲಿ ಹೆಚ್ಚುಕಡಿಮೆಯಾದರೆ ಲೀಡರ್ ನೆಟ್ಟಗಿರದು. ಹುರಿಯಾಗುವಾಗ ಉದ್ದ ಕುಗ್ಗುತ್ತದೆ, ಆದ್ದರಿಂದ ಮೊದಲೇ ಸ್ವಲ್ಪ ಉದ್ದ ಬಿಟ್ಟುಕೊಳ್ಳಿ.

ನೊಣವನ್ನು ಇದಕ್ಕೇ ಕಟ್ಟಬೇಡಿ. ನಡುವೆ 2–3 ಅಡಿ ಟಿಪೆಟ್, ಅಂದರೆ ನೊಣ ಕಟ್ಟುವ ತೆಳು ಎಳೆ, ಇರಲಿ. ನೀರಿನ ಮೇಲೆ ತೇಲುವ ನೊಣವಾದರೆ ಲೀಡರಿಗೆ ತೇಲುಜಿಡ್ಡು ಸವರಿ. ಇಲ್ಲವಾದರೆ ನೀರು ಹೀರಿಕೊಂಡು, ಬೀಸಿದಾಗೆಲ್ಲ ಹನಿ ಸಿಡಿಸಿ ಟ್ರೌಟ್ ಮೀನನ್ನು ಬೆದರಿಸುತ್ತದೆ. ಇದರ ಮುಖ್ಯ ದೋಷ ಅದೇ ಎನ್ನಬಹುದು.

ಕೊಕ್ಕೆ ಕೊಂಬೆಗೆ ಸಿಕ್ಕಿದರೆ ಮಾತ್ರ ಜಗ್ಗಬೇಡಿ. ಹೊಸೆದ ಲೀಡರ್ ಹಿಗ್ಗಿ, ಬಿಟ್ಟ ತಕ್ಷಣ ಕೊಕ್ಕೆಯನ್ನು ನಿಮ್ಮ ಮುಖದತ್ತಲೇ ಎಸೆಯುತ್ತದೆ. ಹತ್ತಿರ ಹೋಗಿ ಕೈಯಿಂದ ಬಿಡಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ನೀರಿಗಿಳಿಯಿರಿ.