ಈರುಳ್ಳಿ ಸಿಪ್ಪೆಯ ಹಳದಿ, ಟೊಮೆಟೊ ಸಿಪ್ಪೆಯ ಕೆಂಪು

ಪ್ರಶ್ನೆ: ನಾವು ಉಡುಪಿ ಕಡೆಯವರು. ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಮೆಸ್ ನಡೆಸುತ್ತೇವೆ. ದಿನಾ ಚೀಲಗಟ್ಟಲೆ ಈರುಳ್ಳಿ, ಟೊಮೆಟೊ ಸಿಪ್ಪೆ ಕಸದ ಗಾಡಿಗೆ ಹೋಗುತ್ತದೆ. ‘ಹಸಿರು ದ್ರಾವಕ’ ಬಳಸಿ ಅದರಿಂದ ಬಣ್ಣ, ಔಷಧೀಯ ಅಂಶ ತೆಗೆಯಬಹುದಂತೆ. ನಮ್ಮಂಥವರಿಂದ ಆಗುವ ಕೆಲಸವೇ?

ಉತ್ತರ: ಅರ್ಧ ಕೆಲಸ ನಿಮ್ಮಿಂದಲೇ ಆಗಬೇಕು. ಈರುಳ್ಳಿಯ ಒಣ ಹೊರಸಿಪ್ಪೆಯಲ್ಲಿ ಕ್ವೆರ್ಸೆಟಿನ್ ಎಂಬ ಹಳದಿ ವಸ್ತು ಒಳಗಿನ ತಿರುಳಿಗಿಂತ ಹಲವು ಪಟ್ಟು ಹೆಚ್ಚು. ತಣ್ಣೀರಿನಲ್ಲಿ ಅದು ಅಷ್ಟಾಗಿ ಕರಗದು. ನೀರು ಬೆರೆಸಿದ ಎಥನಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಟೊಮೆಟೊ ಸಿಪ್ಪೆಯ ಲೈಕೋಪೀನ್ ನೀರಿಗೆ ಜಗ್ಗುವುದೇ ಇಲ್ಲ, ಅದಕ್ಕೆ ಎಣ್ಣೆ ಬೇಕು. ಗೊಜ್ಜು ಕುದಿದು ಅಂಚಿನಲ್ಲಿ ಎಣ್ಣೆ ಬಿಡುವಾಗ ಕಾಣುವ ಕೆಂಪಿನಲ್ಲಿ ಅದರ ಪಾಲೂ ಇದೆ. ಹಾಗಾಗಿ ಎರಡನ್ನೂ ಒಂದೇ ಡ್ರಮ್ಮಿಗೆ ಸುರಿಯಬೇಡಿ. ನಿಮ್ಮೂರಿನ ಕಡಲಗಾಳಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಅಂದಂದೇ ನೆರಳಲ್ಲಿ ಹರವಿ ಗರಿಗರಿ ಒಣಗಿಸಿ. ಬೂಷ್ಟು ಹಿಡಿದ ಸಿಪ್ಪೆಯನ್ನು ಯಾವ ದ್ರಾವಕವೂ ಉಳಿಸದು.

ಇಂಥ ಕೆಲಸಕ್ಕೆ ಕಾರ್ಖಾನೆಗಳಲ್ಲಿ ಹೆಕ್ಸೇನ್ ರೂಢಿ. ಅದು ಪೆಟ್ರೋಲಿಯಂ ಮೂಲದ್ದು, ಥಟ್ಟನೆ ಹೊತ್ತಿಕೊಳ್ಳುತ್ತದೆ, ವರ್ಷಗಟ್ಟಲೆ ಉಸಿರಾಡಿದ ಕಾರ್ಮಿಕರ ನರಗಳನ್ನು ಹಾಳುಮಾಡುತ್ತದೆ. ಹಾನಿ ಕಡಿಮೆ ಇರುವ ‘ಹಸಿರು ದ್ರಾವಕ’ ಬೇಕಾಗಿರುವುದು ಮೊದಲು ಆ ಕಾರ್ಮಿಕರಿಗಾಗಿ ಎಂದೇ ನನ್ನ ಅಭಿಪ್ರಾಯ. 31 ಡಿಗ್ರಿ ಸೆಲ್ಸಿಯಸ್, 74 ಬಾರ್ ಒತ್ತಡ ದಾಟಿದ ಕಾರ್ಬನ್ ಡೈಆಕ್ಸೈಡ್ ಒಂದು ದಾರಿ. ಯಂತ್ರ ಮಾತ್ರ ಬಲು ದುಬಾರಿ. ಇನ್ನೊಂದು ಸೊಗಸಾದದ್ದು. 302 ಡಿಗ್ರಿಯಲ್ಲಿ ಕರಗುವ ಕೋಲೀನ್ ಕ್ಲೋರೈಡನ್ನೂ 133 ಡಿಗ್ರಿಯಲ್ಲಿ ಕರಗುವ ಯೂರಿಯಾವನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದರೆ 12 ಡಿಗ್ರಿಯಲ್ಲೇ ದ್ರವವಾಗಿಬಿಡುತ್ತದೆ! ಇದನ್ನು 2003ರಲ್ಲಿ ತೋರಿಸಿದ್ದು ಇಂಗ್ಲೆಂಡಿನ ಆಂಡ್ರ್ಯೂ ಅಬಾಟ್ ತಂಡ. ಈಗ ಯೂರಿಯಾ ಬದಲು ಲ್ಯಾಕ್ಟಿಕ್ ಆಮ್ಲ, ಗ್ಲಿಸರಿನ್ ಸೇರಿಸಿ ಸಸ್ಯಾಂಶ ತೆಗೆಯುತ್ತಾರೆ. ತೊಡಕೂ ಅಲ್ಲೇ ಇದೆ: ಇಂಥ ಬೆರಕೆ ದ್ರವ ಆವಿಯಾಗದು, ಆದ್ದರಿಂದ ಸತ್ವವನ್ನು ಬೇರ್ಪಡಿಸುವುದು ಕಷ್ಟ. ಯಾರಾದರೂ ಹಸಿರು ಯಂತ್ರ ಮಾರಲು ಬಂದರೆ, ದ್ರಾವಕ ಎಷ್ಟು ವಾಪಸ್ ಸಿಗುತ್ತದೆ ಎಂದು ಮೊದಲು ಕೇಳಿ. ಒಣಸಿಪ್ಪೆ ಒಂದಿಷ್ಟು ಕೂಡಿದ ಮೇಲೆ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಬರೆಯಿರಿ. ಆಹಾರ ತಂತ್ರಜ್ಞಾನವನ್ನು ಉದ್ಯಮಗಳಿಗೆ ದಾಟಿಸುವುದೂ ಅವರ ಕೆಲಸ.

ಪ್ರಶ್ನೆ: ಎಥನಾಲ್ ತಂದು ಮನೆಯಲ್ಲೇ ಮಾಡಬಹುದೇ? (ಗೃಹಿಣಿ, ವಿಜಯವಾಡ)

ಉತ್ತರ: ಬೇಡಮ್ಮ. ಬೆಂಕಿಯ ಭಯ ಒಂದು, ಅಬಕಾರಿ ಪರವಾನಗಿ ಇನ್ನೊಂದು. ಈರುಳ್ಳಿ ಸಿಪ್ಪೆಯನ್ನು ನೀರಲ್ಲೇ ಕುದಿಸಿ ಸೋಸಿ. ಪಟಿಕದ ನೀರಲ್ಲಿ ನೆನೆಸಿಟ್ಟ ರೇಷ್ಮೆ ಬಟ್ಟೆಯನ್ನು ಅದರಲ್ಲಿ ಸಣ್ಣ ಉರಿಯ ಮೇಲೆ ಅದ್ದಿಡಿ, ಹೊಂಬಣ್ಣ ಹಿಡಿಯುತ್ತದೆ. ಹತ್ತಿಗೆ ಅಷ್ಟು ಚೆನ್ನಾಗಿ ಹತ್ತದು. ಆ ಪಾತ್ರೆಯನ್ನು ಅಡುಗೆಗೆ ಬಳಸಬೇಡಿ.